ಹದಿಮೂರರ ತಖ್ತೆ

ಕಾಶೆವ್ವ ಅಕ್ಕೋರು ಹುಕ್ಕೇರಿಯ ಶಾಲೆಗೆ ವರ್ಗವಾಗಿ ಬಂದದ್ದು ಸ್ವಾತಂತ್ರ್ಯ ಬಂದ ವರ್ಷ, ಜೂನ್ ತಿಂಗಳ ಮೊದಲ ಮಳೆಗೆ. ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಹಿತ್ತಾಳೆಯ ತಂಬಿಗೆ. ಕೊಣ್ಣೂರಿನಿಂದ ಅಣ್ಣ ಸತ್ಯಪ್ಪ ಜೊತೆಗೆ ಬಂದಿದ್ದ. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಗೊತ್ತು ಮಾಡಿ, ಒಲೆ ಹೂಡಿಕೊಟ್ಟು, ಸಂಜೆಯ ಬಸ್ಸಿಗೆ ಹಿಂದಿರುಗಿದ. ಬಸ್ಸು ಹೋದ ಮೇಲೆ ಆಕೆ ಕೋಣೆಗೆ ಬಂದು ಕದ ಹಾಕಿಕೊಂಡಳು. ಆಮೇಲೆ, ಹೊಸ ಊರಿನಲ್ಲಿ ಮೊದಲ ದಿನವೇ ಕದ ಹಾಕಿಕೊಂಡು ಕೂತರೆ ಜನ ಏನಂದುಕೊಂಡಾರು ಎನ್ನಿಸಿ, ಎದ್ದು ಮತ್ತೆ ತೆರೆದಿಟ್ಟಳು. ಯಾರೂ ಬರಲಿಲ್ಲ.

ಆಗ ಆಕೆಗೆ ಮೂವತ್ತೆರಡು ವರ್ಷ. ಒಂಬತ್ತಕ್ಕೆ ಮದುವೆಯಾಗಿ ಹನ್ನೊಂದಕ್ಕೆ ಗಂಡ ಸತ್ತಿದ್ದ. ಅವನ ಮುಖ ಆಕೆಗೆ ನೆನಪಿರಲಿಲ್ಲ. ಮಗಳು ಮೂಲೆಯಲ್ಲಿ ಕೂತು ಸವೆಯಬಾರದೆಂದು ತಂದೆ ಗೋಕಾಕದ ಶಾಲೆಗೆ ಹಾಕಿದ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಗಣಿತಕ್ಕೆ ಆಕೆಯೇ ಮೊದಲಿಗಳು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಮಾಸ್ತರಿಕೆಗೆ ಸೇರಿದವಳು ಊರೂರು ತಿರುಗಿ ಇಲ್ಲಿಗೆ ಬಂದಿದ್ದಳು.

ಶಾಲೆಯಲ್ಲಿ ಐವರು ಮಾಸ್ತರರು, ಹೆಂಗಸು ಈಕೆ ಒಬ್ಬಳೇ. ಬಿಡುವಿನ ವೇಳೆಯಲ್ಲಿ ಗಂಡಸರು ಬೇವಿನ ಮರದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಮಾತಿಗೆ ಕೂತರೆ ಆಕೆ ವರ್ಗದಲ್ಲಿಯೇ ಉಳಿಯುತ್ತಿದ್ದಳು. ಓಣಿಯ ಹೆಂಗಸರು ಕೆಟ್ಟವರಲ್ಲ. ಆದರೆ ಅರಿಷಿಣ ಕುಂಕುಮಕ್ಕೆ ವಿಧವೆಯನ್ನು ಕರೆಯುವ ಹಾಗಿರಲಿಲ್ಲ. ಹಿತ್ತಲ ಹರಟೆಗೆ, ಕೈಯಲ್ಲಿ ಪುಸ್ತಕ ಹಿಡಿದು ಬರುವ ಅಕ್ಕೋರನ್ನು ಕರೆಯಲು ಅವರಿಗೆ ಸಂಕೋಚ. ಹೀಗಾಗಿ ಎದುರಾದಾಗ "ಊಟಾತ್ರಿ ಅಕ್ಕೋರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಿದ್ದರು.

ವರ್ಷಕ್ಕೊಂದು ಸಲ ಮಾತ್ರ ಆ ಕೋಣೆ ತುಂಬುತ್ತಿತ್ತು. ಏಪ್ರಿಲ್‌ನಲ್ಲಿ ವಾರ್ಷಿಕ ಪರೀಕ್ಷೆ ಮುಗಿದು ಪೇಪರು ತಿದ್ದುವ ಕೆಲಸವಾದ ಮೇಲೆ ಮಾಸ್ತರರಿಗೆ ಒಂದು ದೊಡ್ಡ ತಲೆನೋವು ಉಳಿಯುತ್ತಿತ್ತು. ಅದು ಬೇರೀಜು. ಪ್ರತಿ ಮಗುವಿನ ಪ್ರತಿ ವಿಷಯದ ಗುಣಗಳನ್ನು ಕೂಡಿಸಿ, ಶೇಕಡಾ ತೆಗೆದು, ಫಲಿತಾಂಶದ ವಹಿಯಲ್ಲಿ ಏರಿಸಬೇಕು. ಎಲ್ಲಿಯಾದರೂ ತಪ್ಪಿದರೆ ಶಿಕ್ಷಣ ಖಾತೆಯ ಸಾಹೇಬರ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಿತ್ತು. ಕಾಶೆವ್ವ ಒಂದು ಪಂಕ್ತಿಯನ್ನು ಮೇಲಿನಿಂದ ಕೆಳಗೆ ಕೂಡಿಸಿ, ಮತ್ತೆ ಕೆಳಗಿನಿಂದ ಮೇಲೆ ಕೂಡಿಸಿ, ಎರಡೂ ಒಂದೇ ಬಂದರೆ ಪಕ್ಕದಲ್ಲಿ ಸಣ್ಣ ಚುಕ್ಕೆ ಇಡುತ್ತಿದ್ದಳು. ಆಕೆ ಚುಕ್ಕೆ ಇಟ್ಟ ಬೇರೀಜನ್ನು ಯಾವ ಸಾಹೇಬರೂ ತಿದ್ದಿದ್ದಿಲ್ಲ. ಇದು ಗೊತ್ತಾದ ಮೇಲೆ ಮಾಸ್ತರರು ಒಬ್ಬೊಬ್ಬರಾಗಿ ಪೇಪರಿನ ಕಟ್ಟು ಬಗಲಲ್ಲಿ ಹಿಡಿದುಕೊಂಡು ಆಕೆಯ ಮನೆಗೆ ಬರತೊಡಗಿದರು. ಅವರಿಗಾಗಿ ಆಕೆ ಘಟಪ್ರಭಾದ ಅಂಗಡಿಯಿಂದ ಚಹಾದ ಆರು ಕಪ್ಪು ಬಶಿ ತಂದಿಟ್ಟಳು. ಉಳಿದ ಹನ್ನೊಂದು ತಿಂಗಳು ಅವು ಗೂಡಿನಲ್ಲಿ ಬೋರಲಾಗಿ ಇರುತ್ತಿದ್ದವು.

ಐವತ್ತೇಳರ ಜೂನ್‌ನಲ್ಲಿ ಒಂದು ಸುತ್ತೋಲೆ ಬಂತು. ಹೆಡ್‌ಮಾಸ್ತರ ಶೆಟ್ಟೆಪ್ಪನವರು ಎಲ್ಲರನ್ನೂ ಕೂಡಿಸಿ ಓದಿ ಹೇಳಿದರು. ಇನ್ನು ಮುಂದೆ ವಾರ್ಷಿಕ ಪರೀಕ್ಷೆಯೊಂದನ್ನೇ ನೋಡುವಂತಿಲ್ಲ. ಮೊದಲ ಪರೀಕ್ಷೆಗೆ ನೂರು, ಆರು ತಿಂಗಳ ಪರೀಕ್ಷೆಗೆ ಎರಡುನೂರು, ವಾರ್ಷಿಕಕ್ಕೆ ಮೂರುನೂರಾ ಐವತ್ತು, ಒಟ್ಟು ಆರುನೂರಾ ಐವತ್ತು ಗುಣ. ಅದರ ಶೇಕಡಾ ತೆಗೆಯಬೇಕು. ಅರ್ಧ ಮತ್ತು ಅದಕ್ಕಿಂತ ಹೆಚ್ಚಿನ ಅಪೂರ್ಣಾಂಕ ಬಂದರೆ ಮೇಲಿನ ಅಂಕಿ ಹಿಡಿಯಬೇಕು. ಪ್ರಗತಿ ಪತ್ರಕದಲ್ಲಿ ಗುಣದ ಮುಂದೆ ಅಕ್ಷರ ಬರೆಯಬೇಕು. ಅರವತ್ತು ಮತ್ತು ಮೇಲೆ ಅ, ನಲವತ್ತೈದರಿಂದ ಬ, ಮೂವತ್ತೈದರಿಂದ ಕ. ಅದಕ್ಕಿಂತ ಕಡಿಮೆ ಬಂದವರಿಗೆ ಡ, ಅಂದರೆ ನಾಪಾಸು.

ಹೊಸದಾಗಿ ಸೇರಿದ್ದ ಲಕ್ಕಪ್ಪ ಮಾಸ್ತರ ತಲೆ ಕೆರೆದುಕೊಂಡ. "ಆರ್ನೂರಾ ಐವತ್ತಕ್ಕ ಶೇಕಡಾ ಹ್ಯಾಂಗ ತಗೀಬೇಕ್ರಿ?"

"ಬಂದ ಗುಣಾ ಎರಡ್ಲೆ ಮಾಡ್ರಿ, ಹದಿಮೂರ್ಲೆ ಭಾಗಸ್ರಿ," ಎಂದಳು ಕಾಶೆವ್ವ.

"ಹದಿಮೂರ್ಲೆ? ಯಾಂವ ಭಾಗಸ್ತಾನ್ರಿ ಅಕ್ಕೋರ ಹದಿಮೂರ್ಲೆ!"

ಎಲ್ಲರೂ ನಕ್ಕರು. ಕಾಶೆವ್ವನೂ ನಕ್ಕಳು. ಆ ಗುಂಪಿನಲ್ಲಿ ಆಕೆ ಗಂಡಸರ ಜೊತೆ ಕೂಡಿ ನಕ್ಕದ್ದು ಅದೇ ಮೊದಲು.

ಮರುವರ್ಷ ಏಪ್ರಿಲ್‌ನಲ್ಲಿ ಮನೆಗೆ ಮಾಸ್ತರರು ಹನ್ನೊಂದು ದಿನ ಎಡೆಬಿಡದೆ ಬಂದರು. ಒಬ್ಬರು ಹೆಸರು ಓದುವರು, ಇನ್ನೊಬ್ಬರು ಗುಣ ಹೇಳುವರು, ಈಕೆ ಪಾಟಿಯ ಮೇಲೆ ಭಾಗಿಸಿ ಅಕ್ಷರ ಹೇಳುವಳು. "ಬ." "ಕ." "ಇದು ಅ, ಭಾಳ ಶ್ಯಾಣ್ಯಾ ಐತಿ ಹುಡುಗ." ನಡುವೆ ಚಹಾ, ಮಂಡಕ್ಕಿ, ಯಾರದೋ ಮದುವೆಯ ಸುದ್ದಿ, ಯಾವುದೋ ಊರಿನ ನಾಟಕದ ಸುದ್ದಿ. ಹನ್ನೆರಡನೆಯ ದಿನ ಎಲ್ಲ ಮುಗಿದ ಮೇಲೆ ಆಕೆ ಚಾಪೆ ಸುತ್ತಿ ಇಟ್ಟಳು. ಕೋಣೆ ಮೊದಲಿನದೇ ಆಗಿದ್ದರೂ ದೊಡ್ಡದಾದಂತೆ ಕಂಡಿತು.

ಅವರ ತ್ರಾಸು ಕಂಡು ಆಕೆಗೆ ಒಂದು ಯೋಚನೆ ಬಂದಿತ್ತು. ಸೊನ್ನೆಯಿಂದ ಆರುನೂರಾ ಐವತ್ತರವರೆಗೆ ಯಾವ ಬೇರೀಜಿಗೆ ಎಷ್ಟು ಶೇಕಡಾ, ಯಾವ ಅಕ್ಷರ ಎಂದು ಒಂದೇ ತಖ್ತೆಯಲ್ಲಿ ಪಟ್ಟಿ ಮಾಡಿ ಬರೆದುಬಿಟ್ಟರೆ? ಭಾಗಾಕಾರವೇ ಬೇಡ, ಕಣ್ಣು ಹಾಯಿಸಿದರೆ ಸಾಕು. ಮುಂದಿನ ಚಳಿಗಾಲವೆಲ್ಲ ಆಕೆಯ ಸಂಜೆಗಳು ಅದರಲ್ಲಿ ಕಳೆದವು. ಒಂದು ಶೇಕಡಾಕ್ಕೆ ಆರು ಅಂಕಿ ಬರುತ್ತಿದ್ದವು, ಮುಂದಿನದಕ್ಕೆ ಏಳು, ಮತ್ತೆ ಆರು, ಮತ್ತೆ ಏಳು. ನೂರಾ ಒಂದು ಪಂಕ್ತಿಗಳನ್ನು ಕೆಂಪು ಗೆರೆ ಹೊಡೆದು, ಕಪ್ಪು ಶಾಯಿಯಲ್ಲಿ ದುಂಡಗೆ ಬರೆದು, ಫೆಬ್ರುವರಿಯಲ್ಲಿ ಶಾಲೆಗೆ ಒಯ್ದಳು.

ಶೆಟ್ಟೆಪ್ಪನವರು ಕನ್ನಡಕ ಏರಿಸಿ ನೋಡಿದರು. "ಏನ ಕೆಲಸ ಮಾಡೀರಿ ಅಕ್ಕೋರ! ನಮ್ಮ ಗಂಟಲಾನ ಮುಳ್ಳ ತಗದ್ರಿ." ಅದನ್ನು ರಟ್ಟಿಗೆ ಅಂಟಿಸಿ ಆಫೀಸಿನ ಗೋಡೆಗೆ ತೂಗುಹಾಕಿದರು. ತಿಂಗಳ ಸಭೆಗೆ ಬಂದ ಬೇರೆ ಊರಿನ ಹೆಡ್‌ಮಾಸ್ತರರು ಅದನ್ನು ಕಂಡು ನಕಲು ಮಾಡಿಕೊಂಡು ಹೋದರು. ಕಾಶೆವ್ವನಿಗೆ ಎರಡು ಮೂರು ದಿನ ಊಟ ಸೇರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಏಪ್ರಿಲ್ ಬಂತು. ಪರೀಕ್ಷೆ ಮುಗಿದ ಮರುದಿನ ಆಕೆ ಕೋಣೆ ಸಾರಿಸಿ, ಚಾಪೆ ಹಾಸಿ, ಹೆಚ್ಚಿಗೆ ಹಾಲು ಹೇಳಿದಳು. ಸಂಜೆಯವರೆಗೆ ಯಾರೂ ಬರಲಿಲ್ಲ. ಪೇಪರು ತಿದ್ದುವುದು ಇನ್ನೂ ಮುಗಿದಿರಲಿಕ್ಕಿಲ್ಲ ಎಂದುಕೊಂಡಳು. ಮರುದಿನವೂ ಬರಲಿಲ್ಲ. ಮೂರನೆಯ ದಿನ ಹಾಲು ಒಡೆಯಿತು. ನಾಲ್ಕನೆಯ ದಿನ ಪೇಟೆಯಲ್ಲಿ ಲಕ್ಕಪ್ಪ ಮಾಸ್ತರ ಎದುರಾದ.

"ಮಾಸ್ತರ, ನಿಮ್ಮ ಕಟ್ಟ ತರ್ಲಿಲ್ಲಲ್ರಿ?"

"ಮುಗೀತ್ರಿ ಅಕ್ಕೋರ! ಒಂದ ಮಧ್ಯಾಹ್ನದಾಗ ಎಲ್ಲಾ ಮುಗೀತು. ನಿಮ್ಮ ತಖ್ತೆ ಐತೆಲ್ರಿ. ಇನ್ನ ನಿಮಗ ಯಾಕ ತ್ರಾಸ ಕೊಡೂದು?"

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಕಾಶೆವ್ವ "ಚಲೋ ಆತ್ರಿ" ಎಂದು ಮುಂದೆ ನಡೆದಳು. ಮನೆಗೆ ಬಂದು ಚಾಪೆಯನ್ನು ಸುತ್ತಿಟ್ಟಳು. ಆ ವರ್ಷವೂ ಮರುವರ್ಷವೂ ಏಪ್ರಿಲ್ ಉಳಿದ ತಿಂಗಳುಗಳ ಹಾಗೆಯೇ ಕಳೆಯಿತು. ತನ್ನ ಕೈಯಾರೆ ತಾನು ಮಾಡಿಕೊಂಡದ್ದು, ಯಾರನ್ನು ದೂರುವುದು? ಒಂದೆರಡು ಸಲ ತಖ್ತೆಯನ್ನು ಮಾಡಿಯೇ ಇರಬಾರದಿತ್ತು ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅರವತ್ತೊಂದರ ಏಪ್ರಿಲ್‌ನಲ್ಲಿ ಫಲಿತಾಂಶ ಹೇಳಿದ ದಿನ, ಬಿಸಿಲು ಏರುವ ಹೊತ್ತಿಗೆ, ಓಣಿಯಲ್ಲಿ ಮೊಸರು ಮಾರುವ ಸುಂದ್ರವ್ವ ಮಗಳ ಕೈ ಹಿಡಿದುಕೊಂಡು ಬಾಗಿಲಿಗೆ ಬಂದಳು. ಮಗಳು ಹನಮವ್ವ ಲಕ್ಕಪ್ಪ ಮಾಸ್ತರನ ವರ್ಗದಲ್ಲಿ ಐದನೆಯ ಇಯತ್ತೆ ಓದುತ್ತಿದ್ದಳು. ಸುಂದ್ರವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಆ ನಾಲ್ಕು ವರ್ಷಗಳಲ್ಲಿ ಊರಿನ ಎಲ್ಲ ತಾಯಂದಿರೂ ಅ, ಬ, ಕ, ಡ ಎಂಬ ನಾಲ್ಕು ಅಕ್ಷರಗಳ ಗುರುತು ಹಿಡಿಯಲು ಕಲಿತಿದ್ದರು.

"ಅಕ್ಕೋರ, ಇದು ಡ ಹೌದಲ್ರಿ?" ಎಂದು ಪತ್ರಕ ಮುಂದೆ ಹಿಡಿದಳು. "ಮಾಸ್ತರ್ರು ಅಂದ್ರು, ಒಂದ ಗುಣಾ ಕಡಿಮಿ ಬಿತ್ತು ಅಂತ. ಯಾವ ಗುಣಾರಿ ಅದು? ಎಲ್ಲಿ ಹೋತು?"

"ಮಾಸ್ತರ್ರು ನೋಡೇ ಬರದಿರ್ತಾರ ಸುಂದ್ರವ್ವ."

"ಇರ್ಲಿ ಬಿಡ್ರಿ. ನೀವೊಂದ ಸಲ ನೋಡ್ರಿ. ನೀವ ನೋಡಿ ಇಲ್ಲ ಅಂದ್ರ ಇಲ್ಲ, ನಾ ಸುಮ್ನ ಹೋಗ್ತೇನಿ."

ಹನಮವ್ವ ಅಳುತ್ತಿರಲಿಲ್ಲ. ಹೊಸ್ತಿಲಿನ ಆಚೆ ನಿಂತು ಕಾಲ ಬೆರಳಿನಿಂದ ಮಣ್ಣು ಕೆದಕುತ್ತಿದ್ದಳು. ಕಾಶೆವ್ವ ಪಾಟಿ ತೆಗೆದುಕೊಂಡಳು. ಮೊದಲ ಪರೀಕ್ಷೆ ಮೂವತ್ತೊಂದು, ಆರು ತಿಂಗಳದ್ದು ಎಪ್ಪತ್ತೆರಡು, ವಾರ್ಷಿಕ ನೂರಾ ಇಪ್ಪತ್ತೆರಡು. ಕೂಡಿಸಿದರೆ ಎರಡುನೂರಾ ಇಪ್ಪತ್ತೈದು. ಮಾಸ್ತರನ ಬೇರೀಜು ಸರಿಯಾಗಿತ್ತು. ಎರಡರಿಂದ ಗುಣಿಸಿದರೆ ನಾನೂರಾ ಐವತ್ತು. ಹದಿಮೂರು ಅದರಲ್ಲಿ ಮೂವತ್ತನಾಲ್ಕು ಸಲ ಹೋಗಿ ಎಂಟು ಉಳಿಯಿತು. ಎಂಟು ಎಂದರೆ ಹದಿಮೂರರ ಅರ್ಧಕ್ಕಿಂತ ಹೆಚ್ಚು. ಮೇಲಿನ ಅಂಕಿ ಹಿಡಿಯಬೇಕು. ಮೂವತ್ತೈದು. ಕ. ಪಾಸು.

ಪಾಟಿ ಒರೆಸಿ ಮತ್ತೊಮ್ಮೆ ಮಾಡಿದಳು. ಅದೇ ಬಂತು. ಲಕ್ಕಪ್ಪ ಮಾಸ್ತರ ತಖ್ತೆಯಲ್ಲಿ ಪಂಕ್ತಿ ತಪ್ಪಿ ನೋಡಿದ್ದಾನೆ ಎಂದುಕೊಂಡು, "ಇಲ್ಲೇ ಕುಂದರ್ರಿ, ಬಂದೆ" ಎಂದು ಚಪ್ಪಲಿ ಮೆಟ್ಟಿ ಶಾಲೆಗೆ ನಡೆದಳು. ಆಫೀಸಿನಲ್ಲಿ ಶೆಟ್ಟೆಪ್ಪನವರು ವಹಿಗಳನ್ನು ಕಪಾಟಿಗೆ ಸೇರಿಸುತ್ತಿದ್ದರು. ಕಾಶೆವ್ವ ನೇರವಾಗಿ ಗೋಡೆಯ ಹತ್ತಿರ ಹೋಗಿ ಮೂವತ್ತನಾಲ್ಕರ ಪಂಕ್ತಿಯ ಮೇಲೆ ಬೆರಳಿಟ್ಟಳು. ಎರಡುನೂರಾ ಹದಿನೆಂಟರಿಂದ ಎರಡುನೂರಾ ಇಪ್ಪತ್ತೈದು, ಡ.

ಇಪ್ಪತ್ತನಾಲ್ಕಕ್ಕೆ ನಿಲ್ಲಬೇಕಾಗಿತ್ತು. ಬರೆದದ್ದು ಇಪ್ಪತ್ತೈದು. ಏಳು ಅಂಕಿ ಇರಬೇಕಾದ ಕಡೆ ಎಂಟು ಇದ್ದವು. ಕೆಳಗಿನ ಪಂಕ್ತಿ ಇಪ್ಪತ್ತಾರರಿಂದ ಶುರುವಾಗುತ್ತಿತ್ತು. ಕೈಬರಹ ತನ್ನದೇ. ಉಳಿದ ಅಂಕಿಗಳಷ್ಟೇ ದುಂಡಗೆ, ಅಷ್ಟೇ ನಿರ್ಮಲವಾಗಿ ಇದ್ದವು. ಅದು ಹೇಗಾಯಿತು, ಯಾವ ಸಂಜೆ ಆಯಿತು ಎಂದು ಆಕೆ ಆಮೇಲೆ ಎಷ್ಟು ನೆನೆಸಿಕೊಂಡರೂ ಹೊಳೆಯಲಿಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎಲ್ಲರ ಬೇರೀಜನ್ನು ನೋಡಿದವಳು ತನ್ನ ತಖ್ತೆಯನ್ನು ಒಂದೇ ಸಲ ನೋಡಿದ್ದಳು.

"ಹೆಡ್‌ಮಾಸ್ತರ್ರ, ಇದು ತಪ್ಪೈತ್ರಿ."

ಶೆಟ್ಟೆಪ್ಪನವರು ಕಾಗದದ ಮೇಲೆ ತಾವೇ ಭಾಗಿಸಿ ನೋಡಿದರು. "ಆ ಹುಡುಗೀದು ತಿದ್ದೂಣ. ಕೆಂಪ ಶಾಯಿಲೆ ತಿದ್ದಿ ಸಹಿ ಹಾಕಿದ್ರ ಆತು."

"ಮೂರ ವರ್ಷ ಆತ್ರಿ ಇದನ್ನ ನೋಡಿ ಬರಿಯಾಕತ್ತು. ಬ್ಯಾರೆ ಹುಡುಗ್ರೂ ಇರ್ಬಹುದು."

"ಹಳೇದ ಯಾಕ ಕೆದರ್ತೀರಿ ಅಕ್ಕೋರ? ಸಾಹೇಬ್ರ ಕಿವಿಗಿ ಬಿದ್ರ ನಾವೆಲ್ಲಾರೂ ಉತ್ತರಾ ಕೊಡಬೇಕಾಕ್ಕೈತಿ."

"ನಾನ ಕೊಡ್ತೇನ್ರಿ. ಬರದಾಕಿ ನಾನು."

ಅವರು ಕಪಾಟಿನ ಬೀಗದ ಕೈ ಆಕೆಯ ಮುಂದೆ ಇಟ್ಟರು. ಮಧ್ಯಾಹ್ನವೆಲ್ಲ ಕೂತು ಮೂರು ವರ್ಷದ ವಹಿಗಳಲ್ಲಿ ಆಕೆ ಎರಡುನೂರಾ ಇಪ್ಪತ್ತೈದು ಎಂಬ ಒಂದೇ ಅಂಕಿಯನ್ನು ಹುಡುಕಿದಳು. ಹನಮವ್ವನ ಹೊರತು ಯಾರಿಗೂ ಅದು ಬಂದಿರಲಿಲ್ಲ. ಸಂಜೆ ಪತ್ರಕದಲ್ಲಿ ಡ ಹೊಡೆದು ಕ ಬರೆದದ್ದನ್ನು ಕಂಡಾಗ ಸುಂದ್ರವ್ವ, "ಸಿಕ್ತಲ್ರಿ ಗುಣಾ!" ಎಂದು ಬಾಯಿತುಂಬ ನಕ್ಕಳು. ತಪ್ಪು ತನ್ನದೆಂದು ಕಾಶೆವ್ವ ಹೇಳಹೋದರೆ ಆಕೆ ಕೇಳಿಸಿಕೊಳ್ಳಲೇ ಇಲ್ಲ.

ನಕಲು ಒಯ್ದವರು ಮೂವರೆಂದು ಶೆಟ್ಟೆಪ್ಪನವರಿಗೆ ನೆನಪಿತ್ತು. ಘಟಪ್ರಭಾದವರು, ಗೋಕಾಕದವರು, ಮೂಡಲಗಿಯವರು. ಮೂವರಿಗೂ ಕಾಶೆವ್ವ ಕಾರ್ಡು ಬರೆದಳು. ಎರಡು ವಾರ ಕಾದರೂ ಉತ್ತರವಿಲ್ಲ. ಮೇ ತಿಂಗಳ ಸೂಟಿ ಶುರುವಾದ ಮೇಲೆ, ಒಂದು ಚೀಲದಲ್ಲಿ ಎರಡು ಸೀರೆ, ರೊಟ್ಟಿಯ ಗಂಟು, ಹೊಸದಾಗಿ ಮೂರು ಸಲ ತಾಳೆ ನೋಡಿ ಬರೆದ ತಖ್ತೆಯ ಮೂರು ಪ್ರತಿ ಇಟ್ಟುಕೊಂಡು ತಾನೇ ಹೊರಟಳು.

ಘಟಪ್ರಭಾದಲ್ಲಿ ಶಾಲೆಗೆ ಬೀಗ. ಹೆಡ್‌ಮಾಸ್ತರರ ಮನೆ ಸ್ಟೇಷನ್ನಿನ ಹಿಂದೆ ಇತ್ತು. ಅವರು ಬದಲಾಗಿ ಬಂದವರು. ತಖ್ತೆ ಎಲ್ಲಿಂದ ಬಂತೆಂದು ಅವರಿಗೆ ತಿಳಿದಿರಲಿಲ್ಲ. "ಅದು ಮ್ಯಾಲಿಂದ ಬಂದದ್ರಿ ಬಾಯಾರ, ಧಾರವಾಡದಿಂದ. ಅದನ್ನ ನೀವ ಹ್ಯಾಂಗ ತಿದ್ತೀರಿ?" ಎಂದರು. ತಾನೇ ಬರೆದದ್ದು ಎಂದರೆ ನಂಬಲಿಲ್ಲ. ಕೊನೆಗೆ ಆಕೆ ಕಾಗದ ಮುಂದಿಟ್ಟು, "ಎರಡ್ನೂರಾ ಇಪ್ಪತ್ತೈದು ಎರಡ್ಲೆ ಎಷ್ಟ್ರಿ? ಹದಿಮೂರ್ಲೆ ಭಾಗಸ್ರಿ," ಎಂದು ಮಗುವಿಗೆ ಹೇಳಿದ ಹಾಗೆ ಹೇಳಿದಳು. ಅವರು ಭಾಗಿಸಿದರು, ಕೆಮ್ಮಿದರು, ಬೀಗದ ಕೈ ತೆಗೆದುಕೊಂಡು ಎದ್ದರು. ಅಲ್ಲಿಯ ವಹಿಗಳಲ್ಲಿ ಆ ಅಂಕಿ ಇರಲಿಲ್ಲ.

ಗೋಕಾಕದಲ್ಲಿ ಒಂದು ಸಲ ಬಂದಿತ್ತು. ಆದರೆ ಅದರ ಮುಂದೆ ಬೇರೆ ಶಾಯಿಯಲ್ಲಿ ಒಂದು ಗುಣ ಕೂಡಿಸಿ ಪಾಸು ಎಂದು ಬರೆದಿತ್ತು. ಆ ವರ್ಗದ ಮಾಸ್ತರರು ಅಂಜುತ್ತಲೇ ಒಪ್ಪಿಕೊಂಡರು. "ಒಂದ ಗುಣಾದ ಸಲುವಾಗಿ ಒಂದ ವರ್ಷ ಅದೇ ವರ್ಗದಾಗ ಕುಂದರಸೂದು ಚಲೋ ಅಲ್ಲ ಅಂತ ನಾನ ಹಾಕೇನ್ರಿ. ಕಾಯದಾಕ ಬರಾಂಗಿಲ್ಲ, ಖರೆ. ಮ್ಯಾಲ ತಿಳಸಬ್ಯಾಡ್ರಿ." ಕಾಶೆವ್ವ ಅವರಿಗೆ ಕೈ ಮುಗಿದಳು. ಯಾಕೆ ಮುಗಿದಳೆಂದು ಅವರಿಗೆ ತಿಳಿಯಲಿಲ್ಲ. ಹೊಂದಾಣಿಕೆ ಮಾಡುವ ಇಂಥ ಮಾಸ್ತರರನ್ನು ಆಕೆ ಜೀವಮಾನವೆಲ್ಲ ಮನಸ್ಸಿನಲ್ಲಿ ಕಡಿಮೆ ಎಂದು ಎಣಿಸುತ್ತ ಬಂದಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಇದೇ ವಿಚಾರ ಮೂಡಲಗಿಯವರೆಗೂ ಬಿಡಲಿಲ್ಲ.

ಮೂಡಲಗಿಯ ಖಂಡೆಪ್ಪ ಮಾಸ್ತರರು ನಿವೃತ್ತಿಗೆ ಹತ್ತಿರ ಬಂದವರು. ಕಾರ್ಡು ತಲುಪಿತ್ತು, ಕಣ್ಣು ಕಾಣದ್ದರಿಂದ ಉತ್ತರ ಬರೆಯಲಾಗಲಿಲ್ಲ ಎಂದರು. ತಾವೇ ಶಾಲೆಯ ಕದ ತೆಗೆದು, ವಹಿಯ ಧೂಳು ಕೊಡವಿ ಮುಂದಿಟ್ಟರು. ಐವತ್ತೊಂಬತ್ತರ ಐದನೆಯ ಇಯತ್ತೆ, ಹದಿನೇಳನೆಯ ಹೆಸರು ಸಾವಿತ್ರವ್ವ. ಎರಡುನೂರಾ ಇಪ್ಪತ್ತೈದು. ಡ.

"ಈ ಹುಡುಗಿ ಈಗ ಎಲ್ಲಿ ಓದಾಕತ್ತಾಳ್ರಿ?"

"ಓದೂದ ಎಲ್ಲಿ ಬಂತ್ರಿ. ನಾಪಾಸಾದ ಮ್ಯಾಲ ಅವರಪ್ಪ ಬಿಡಿಸಿದ. ಹ್ವಾದ ವರ್ಷ ಮದಿವ್ಯಾತು. ಮೇಲವಂಕಿಗಿ ಕೊಟ್ಟಾರ." ಖಂಡೆಪ್ಪ ಮಾಸ್ತರರು ವಹಿಯನ್ನು ಕಣ್ಣಿನ ಹತ್ತಿರ ಹಿಡಿದು, ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕಿದರು. ಆಮೇಲೆ ಪೆನ್ನು ಮುಚ್ಚುತ್ತ ಕೇಳಿದರು, "ಈಗ ತಿದ್ದಿ ಏನಾಕ್ಕೈತ್ರಿ ಅಕ್ಕೋರ?"

ಕಾಶೆವ್ವ ಹೊಸ ತಖ್ತೆಯ ಪ್ರತಿಯನ್ನು ಅವರ ಮುಂದಿಟ್ಟಳು. ಅಲ್ಲಿಗೇ ಬಿಟ್ಟು ಹಿಂದಿರುಗಬಹುದಿತ್ತು. ವಹಿ ಸರಿಯಾಗಿತ್ತು, ಕೆಲಸ ಮುಗಿದಿತ್ತು. ಆ ದಿನ ಖಂಡೆಪ್ಪ ಮಾಸ್ತರರ ಮನೆಯಲ್ಲೇ ಉಳಿದು, ಮರುದಿನ ಬೆಳಿಗ್ಗೆ ಮೇಲವಂಕಿಯ ಕಡೆಗೆ ಹೊರಟಿದ್ದ ಒಂದು ಚಕ್ಕಡಿ ಹತ್ತಿದಳು.

ಊರಿನ ನಡುವೆ ಕೇಳಿಕೊಂಡು ಹೋದಾಗ ಕಟ್ಟೆಯ ಮೇಲೆ ಒಬ್ಬ ಮುದುಕಿ ಜೋಳ ಹಸನು ಮಾಡುತ್ತ ಕೂತಿದ್ದಳು. ಪಕ್ಕದ ಕೊಟ್ಟಿಗೆಯಲ್ಲಿ, ತಲೆಯ ಮೇಲೆ ಸೆರಗು ಹೊದ್ದ ಹುಡುಗಿಯೊಬ್ಬಳು ಎಮ್ಮೆಗೆ ಕಣಿಕೆ ಹಾಕುತ್ತಿದ್ದಳು. ಹದಿನೈದು ಹದಿನಾರು ವರ್ಷ ಇರಬಹುದು.

"ಸಾವಿತ್ರವ್ವ ಅಂದ್ರ ನೀನ ಏನವ್ವಾ? ಮೂಡಲಗಿ ಸಾಲ್ಯಾಗ ಓದಿದಾಕಿ?"

"ಹೌದ್ರಿ." ಹುಡುಗಿ ಕೈ ಒರೆಸಿಕೊಂಡಳು. "ನೀವ ಯಾರ್ರಿ?"

"ನಾ ಹುಕ್ಕೇರಿ ಸಾಲಿ ಅಕ್ಕೋರು. ಕಾಶೆವ್ವ ಅಂತ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. "ಐದನೇತ್ತಿನಾಗ ನಿನಗ ಡ ಬರದಿದ್ರಲ್ಲ, ಅದು ತಪ್ಪೈತಿ. ನೀ ಪಾಸಾಗಿದ್ದಿ. ಗುಣಾ ನೋಡೂ ತಖ್ತೆ ನಾ ಬರದದ್ದು. ಅದರಾಗ ನಂದ ಒಂದ ಅಂಕಿ ತಪ್ಪಿತ್ತು. ಅದನ್ನ ಹೇಳಾಕ ಬಂದೇನಿ, ತಂಗಿ."

ಸಾವಿತ್ರವ್ವ ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟಳು. "ಎರಡ್ನೂರಾ ಇಪ್ಪತ್ತೈದಲ್ರಿ ನಂದು?"

"ನೆನಪೈತಿ ನಿನಗ?"

"ಖಂಡೆಪ್ಪ ಮಾಸ್ತರ್ರು ಎಲ್ಲಾರ ಮುಂದ ಓದಿದ್ರಿ. ಅಪ್ಪ ಅಂದಿದ್ದ, ಪಾಸಾದ್ರ ಏಳನೇತ್ತಿನ ತನಕಾ ಓದ್ಲಿ, ಇಲ್ಲಂದ್ರ ಬಿಡಸ್ತೇನಿ ಅಂತ." ದೂರುವ ಧ್ವನಿಯಲ್ಲಿ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. "ಯಾವ ಅಕ್ಷರ ಬರ್ತಿತ್ರಿ ಹಂಗಾದ್ರ?"

"ಕ."

"ಕ," ಎಂದು ಹುಡುಗಿ ತನ್ನಷ್ಟಕ್ಕೆ ಹೇಳಿಕೊಂಡಳು.

ಕಟ್ಟೆಯಿಂದ ಅತ್ತೆ ಕರೆವ್ವ ಕೂಗಿದಳು. "ಯಾರ ಅದು?"

"ಸಾಲಿ ಅಕ್ಕೋರ ಬಂದಾರ್ರಿ ಅತ್ತಿ. ನಾ ಪಾಸಾಗಿದ್ನಂತ್ರಿ."

"ಯಾವಾಗ?"

"ಎರಡ ವರ್ಷದ ಹಿಂದ."

"ಅದನ್ನ ಹೇಳಾಕ ಈಗ ಬಂದಾರ?" ಮುದುಕಿ ಮೊರ ಕೇರುವುದನ್ನು ನಿಲ್ಲಿಸಿ ಕಾಶೆವ್ವನನ್ನು ಮೇಲಿಂದ ಕೆಳಗೆ ನೋಡಿದಳು. ಬಿಸಿಲಿನಲ್ಲಿ ಬಂದ ಹೆಂಗಸು, ಒಬ್ಬಳೇ, ಧೂಳು ಮೆತ್ತಿದ ಕಾಲು. "ಆತು. ಅವರಿಗಿ ಮಜ್ಜಿಗಿ ಕೊಡು. ಎಮ್ಮಿ ಹೊಡ್ಯೂ ಹೊತ್ತಾತು."

ಕಾಶೆವ್ವ ಮಜ್ಜಿಗೆ ಕುಡಿದಳು. ಬೈಗುಳಕ್ಕೆ ತಯಾರಾಗಿ ಬಂದಿದ್ದಳು, ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಎದ್ದು ಹೊರಟಾಗ ಸಾವಿತ್ರವ್ವ ಎಮ್ಮೆ ಹೊಡೆದುಕೊಂಡು ಊರ ಅಂಚಿನ ತನಕ ಜೊತೆಗೆ ಬಂದಳು. ಅಲ್ಲಿ ನಿಂತು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ಮೆಲ್ಲಗೆ ಕೇಳಿದಳು.

"ಅಕ್ಕೋರ, ಅದನ್ನ ಒಂದ ಚೀಟ್ಯಾಗ ಬರದ ಕೊಡ್ತೀರೇನ್ರಿ?"

ಕಾಶೆವ್ವ ಜಾಲಿಯ ಮರದ ನೆರಳಿಗೆ ಕೂತು, ನೋಟುಬುಕ್ಕಿನ ಹಾಳೆ ಹರಿದು ತೊಡೆಯ ಮೇಲಿಟ್ಟು ಬರೆದಳು. ಸಾವಿತ್ರವ್ವ, ಐದನೆಯ ಇಯತ್ತೆ, ಮೂಡಲಗಿ. ಒಟ್ಟು ಗುಣ ಎರಡುನೂರಾ ಇಪ್ಪತ್ತೈದು. ಶೇಕಡಾ ಮೂವತ್ತೈದು. ಅಕ್ಷರ ಕ. ಪಾಸು. ಕೆಳಗೆ ತಾರೀಖು ಹಾಕಿ ಪೂರ್ತಿ ಹೆಸರಿನ ಸಹಿ ಮಾಡಿದಳು. ಹುಡುಗಿ ಚೀಟಿ ತೆಗೆದುಕೊಂಡು, ಒಂದೊಂದು ಶಬ್ದದ ಕೆಳಗೂ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಶೇಕಡಾ ಎಂಬಲ್ಲಿ ಎಡವಿ, ನಾಲಿಗೆ ಕಚ್ಚಿಕೊಂಡು, ಮತ್ತೆ ಮೊದಲಿನಿಂದ ಓದಿದಳು. ಎರಡನೆಯ ಸಲ ಎಲ್ಲಿಯೂ ತಪ್ಪಲಿಲ್ಲ. ಚೀಟಿಯನ್ನು ಸಣ್ಣಗೆ ಮಡಚಿ ಕುಪ್ಪಸದಲ್ಲಿ ಸೇರಿಸಿಕೊಂಡಳು.

"ಹೋಗಿ ಬರ್ತೇನ್ರಿ," ಎಂದು ಎಮ್ಮೆಯ ಹಿಂದೆ ಓಡಿದಳು.

ಕಾಶೆವ್ವ ಆ ಮರದ ಕೆಳಗೆ ಎಷ್ಟು ಹೊತ್ತು ಕೂತಳೋ ತಿಳಿಯದು. ಹಿಂದಿರುಗುವ ದಾರಿಯಲ್ಲೇ ಅಣ್ಣನ ಮನೆ ಇತ್ತು. ಕೊಣ್ಣೂರಿನಲ್ಲಿ ಬಸ್ಸು ನಿಂತಾಗ ಇಳಿಯಲೆಂದು ಎದ್ದವಳು, ಅಣ್ಣ ಕೇಳಿದರೆ ಏನು ಹೇಳುವುದೆಂದು ಹೊಳೆಯದೆ ಮತ್ತೆ ಕೂತಳು.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ತಿಂಗಳ ಸಭೆಯಲ್ಲಿ ಆಕೆ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಯಾವ ಅಂಕಿ, ಯಾವ ಪಂಕ್ತಿ, ಯಾರಿಗೆ ಏನಾಯಿತು. ಸಾವಿತ್ರವ್ವನ ಮದುವೆಯ ಮಾತನ್ನೂ ಬಿಡಲಿಲ್ಲ. ಸಾಹೇಬರು ಗಡಿಯಾರ ನೋಡಿ, "ಒಂದ ಅಂಕಿ ತಪ್ಪೂದು ಸಹಜ. ಮುಂದ ಕಾಳಜಿ ತಗೋರಿ," ಎಂದರು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಶಿಕ್ಷೆ ಇಲ್ಲ, ಟಿಪ್ಪಣಿ ಇಲ್ಲ. ಆದರೆ ಶೆಟ್ಟೆಪ್ಪನವರು ಗೋಡೆಯ ತಖ್ತೆಯನ್ನು ಇಳಿಸಿ, ತಿದ್ದಿದ ಹೊಸ ಪ್ರತಿಯನ್ನು ಕಪಾಟಿನಲ್ಲಿ ಇಟ್ಟುಬಿಟ್ಟರು. ಯಾರೂ ಅದನ್ನು ಹೊರಗೆ ತೆಗೆಯಲಿಲ್ಲ. ಮಾಸ್ತರರು ತಾವೇ ಹದಿಮೂರರ ಮಗ್ಗಿ ಗುಣುಗುಣಿಸುತ್ತ ಭಾಗಿಸತೊಡಗಿದರು. ಆಕೆಯ ಮನೆಗೆ ಕಟ್ಟು ತರಲು ಅವರಿಗೆ ಈಗ ಬೇರೆ ತರಹದ ಸಂಕೋಚ. ತಂದರೆ ತಪ್ಪು ನೆನಪಿಸಿದಂತಾದೀತು ಎಂದೋ ಏನೋ. ಲಕ್ಕಪ್ಪ ಮಾಸ್ತರ ಮೊದಲಿಗಿಂತ ಹೆಚ್ಚು ಬಗ್ಗಿ ನಮಸ್ಕಾರ ಮಾಡುತ್ತಿದ್ದ, ಮೊದಲಿಗಿಂತ ಬೇಗ ಮುಂದೆ ಹೋಗುತ್ತಿದ್ದ.

ಮುಂದಿನ ಎರಡು ಏಪ್ರಿಲ್‌ಗಳಲ್ಲಿ ಆಕೆ ಶೆಟ್ಟೆಪ್ಪನವರ ಒಪ್ಪಿಗೆ ಪಡೆದು, ಎಲ್ಲರೂ ಹೋದ ಮೇಲೆ ಮಧ್ಯಾಹ್ನ ಆಫೀಸಿನಲ್ಲಿ ಒಬ್ಬಳೇ ಕೂತು ಎಲ್ಲ ವರ್ಗಗಳ ವಹಿಯನ್ನೂ ಮೊದಲಿನಿಂದ ಭಾಗಿಸಿ ನೋಡಿದಳು. ಮೊದಲ ವರ್ಷ ಒಂಬತ್ತು ತಪ್ಪು ಸಿಕ್ಕವು, ಎರಡನೆಯ ವರ್ಷ ನಾಲ್ಕು. ಒಂದು ಸಣ್ಣ ಕಾಗದದಲ್ಲಿ ಅವನ್ನು ಬರೆದು, ಯಾರ ಹೆಸರೂ ಹಾಕದೆ, ಹೆಡ್‌ಮಾಸ್ತರರ ಮೇಜಿನ ಮೇಲೆ ಇಟ್ಟು ಬರುತ್ತಿದ್ದಳು. ಮರುದಿನ ತಪ್ಪುಗಳು ತಿದ್ದಲ್ಪಟ್ಟಿರುತ್ತಿದ್ದವು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಅರವತ್ತಮೂರರಲ್ಲಿ ಮತ್ತೊಂದು ಸುತ್ತೋಲೆ ಬಂದು ವಾರ್ಷಿಕ ಪರೀಕ್ಷೆಯ ಮೂರುನೂರಾ ಐವತ್ತು ಗುಣ ಮೂರುನೂರಾಯಿತು. ಒಟ್ಟು ಆರುನೂರು. ಆರರಿಂದ ಭಾಗಿಸಿದರೆ ಶೇಕಡಾ ಬಂತು. ಮಾಸ್ತರರು ಬೇವಿನ ಮರದ ಕೆಳಗೆ ಕೂತು ನಿಟ್ಟುಸಿರು ಬಿಟ್ಟು ನಕ್ಕರು.

ಮರುವರ್ಷ ಪರೀಕ್ಷೆ ಮುಗಿದ ಮೇಲೆ ಕಾಶೆವ್ವ ರೂಢಿಯಂತೆ ವಹಿ ತೆಗೆದುಕೊಂಡು ಆಫೀಸಿನಲ್ಲಿ ಕೂತಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಐದೂ ವರ್ಗಗಳನ್ನು ನೋಡಿದಳು. ಒಂದೂ ತಪ್ಪಿರಲಿಲ್ಲ. ತಲೆ ಎತ್ತಿದಾಗ ಕಿಟಕಿಯ ಬಿಸಿಲು ಇನ್ನೂ ಗೋಡೆಯ ಅರ್ಧಕ್ಕೂ ಬಂದಿರಲಿಲ್ಲ. ಮೇಜಿನ ಮೇಲೆ ಇಡಲು ಕಾಗದವೂ ಇರಲಿಲ್ಲ. ವಹಿಗಳನ್ನು ಕಪಾಟಿಗೆ ಸೇರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಶೆಟ್ಟೆಪ್ಪನವರ ಮನೆಗೆ ಒಯ್ದು ಕೊಟ್ಟಳು. ಅವರು ಮಲಗಿದ್ದರು, ಅವರ ಸೊಸೆ ತೆಗೆದುಕೊಂಡಳು. ಅಲ್ಲಿಂದ ಮನೆಗೆ ಎರಡು ದಾರಿಗಳಿದ್ದವು. ಕಾಶೆವ್ವ ಉದ್ದನೆಯ ದಾರಿ ಹಿಡಿದು ನಡೆದಳು.